ಮೂವರೂ ಒಪ್ಪಿದ ವೇಗ

ಫರೀದಾಬಾದಿನಲ್ಲಿ ಯಾರಾದರೂ ಬಿಡಿಭಾಗ ಕೊಂಡು ಮನೆಯಲ್ಲೇ ಕಂಪ್ಯೂಟರ್ ಜೋಡಿಸುತ್ತೇನೆಂದು ಹೊರಟರೆ ಅವರ ಕಾಲು ತಾನಾಗಿ ಮೆಟ್ರೊ ನಿಲ್ದಾಣದ ಕಡೆಗೆ ತಿರುಗುತ್ತದೆ. ಬಾಟಾ ಚೌಕದಲ್ಲಿ ನೇರಳೆ ಮಾರ್ಗದ ರೈಲು ಹತ್ತಿದರೆ ಬದರ್‌ಪುರದ ಗಡಿ ದಾಟಿ, ಓಖ್ಲಾ, ಗೋವಿಂದಪುರಿ, ಕಾಲ್ಕಾಜಿ ಕಳೆದು ನೇರ ನೆಹರು ಪ್ಲೇಸ್. 2015ರ ಸೆಪ್ಟೆಂಬರಿನಲ್ಲಿ ಈ ಮಾರ್ಗ ನಮ್ಮೂರಿಗೆ ಬಂದ ಮೇಲಂತೂ ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಹೇಗೋ ನಮಗೆ ನೆಹರು ಪ್ಲೇಸ್ ಹಾಗಾಯಿತು. 2021ರ ಜನವರಿಯ ಒಂದು ಮಂಜು ಮುಸುಕಿದ ಬೆಳಗ್ಗೆ ಪಕ್ಕದ ಮನೆಯ ಹುಡುಗನೊಂದಿಗೆ ನಾನೂ ಹೋದೆ. ಅವನ ಮುತ್ತಜ್ಜ ದೇಶವಿಭಜನೆಯ ಹೊತ್ತಿನಲ್ಲಿ ಬನ್ನೂವಿನಿಂದ ಬರಿಗೈಯಲ್ಲಿ ಬಂದು, ನಿರಾಶ್ರಿತರಿಗೆಂದು ಇಲ್ಲಿ ಕಟ್ಟಿದ ನ್ಯೂ ಇಂಡಸ್ಟ್ರಿಯಲ್ ಟೌನ್‌ಶಿಪ್ಪಿನಲ್ಲಿ ನೆಲೆ ಕಂಡವರು. ಹುಡುಗ ಎಂಜಿನಿಯರಿಂಗ್ ಸೇರಿದ್ದ. ಕೈಯಲ್ಲಿದ್ದದ್ದು ಮನೆಯವರು ಲೆಕ್ಕ ಹಾಕಿ ಕೂಡಿಟ್ಟು ಕೊಟ್ಟ ದುಡ್ಡು.

ಅಂಗಡಿಯವರು ಗಾಜಿನ ಕಪಾಟಿನಿಂದ ಎಂಟೆಂಟು ಜಿಬಿಯ ಎರಡು ರ‍್ಯಾಮ್ ಸ್ಟಿಕ್ ತೆಗೆದು ಮುಂದಿಟ್ಟು, "ಬತ್ತೀಸ್ ಸೌ ಬಸ್" ಎಂದರು, ಅಂದರೆ 3200ರ ವೇಗ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಡಿಡಿಆರ್4, 3200 ಎಂದಿತ್ತು. 2666ರದ್ದಕ್ಕಿಂತ ಸ್ವಲ್ಪ ಬೆಲೆ ಹೆಚ್ಚು. ಹುಡುಗ ಕ್ಷಣ ಯೋಚಿಸಿ ಹೆಚ್ಚಿನದನ್ನೇ ಕೊಂಡ. ಸಂಜೆ ಮನೆಯಲ್ಲಿ ಮದರ್‌ಬೋರ್ಡಿನ ಸೀಳಿಗೆ ಸ್ಟಿಕ್ ಇಟ್ಟು ಎರಡೂ ಹೆಬ್ಬೆರಳಲ್ಲಿ ಒತ್ತಿದಾಗ ಕೊಂಡಿ ಟಕ್ಕೆಂದು ಕೂತಿತು. ಅವನ ಮುಖ ಅರಳಿತು. ವಿಂಡೋಸ್ ಹಾಕಿ, ಟಾಸ್ಕ್ ಮ್ಯಾನೇಜರ್ ತೆರೆದು, ಮೆಮೊರಿಯ ಪುಟಕ್ಕೆ ಹೋದ. ಅಲ್ಲಿ ವೇಗದ ಎದುರು 2666 ಎಂದಿತ್ತು.

"ಮೋಸ ಮಾಡಿದರು ಅಂಕಲ್" ಎಂದ. ಸ್ಟಿಕ್ ಕಿತ್ತು ನೋಡಿದೆವು. ಸರಕು ಅಸಲಿಯೇ. ಅಂಗಡಿಯವರು ಹೇಳಿದ್ದೂ ಸುಳ್ಳಲ್ಲ. ಆದರೂ 3200ಕ್ಕೆ ಕೊಟ್ಟ ದುಡ್ಡಿಗೆ 2666 ಓಡುತ್ತಿತ್ತು. ಎಲ್ಲಿ ಸೋರಿತು ಈ ವ್ಯತ್ಯಾಸ?

ಉತ್ತರ ಹುಡುಕಲು ಕಪ್ಪು ಚಿಪ್ಪುಗಳ ಒಳಗೆ ಇಳಿಯಬೇಕು. 1966ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಒಂದು ಸರಳ ದಾರಿ ಕಂಡರು. ಒಂದು ಬಿಟ್ ನೆನಪಿಡಲು ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಸಾಕು. ಕೆಪಾಸಿಟರಿನಲ್ಲಿ ವಿದ್ಯುದಂಶ ತುಂಬಿದ್ದರೆ ಒಂದು, ಖಾಲಿಯಿದ್ದರೆ ಸೊನ್ನೆ. ಟ್ರಾನ್ಸಿಸ್ಟರ್ ಅದರ ಬಾಗಿಲು. 1968ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಇಂದು ನಿಮ್ಮ ಮೊಬೈಲಿನಿಂದ ಹಿಡಿದು ದೊಡ್ಡ ಸರ್ವರಿನವರೆಗೆ ಎಲ್ಲೆಡೆ ಇರುವ ಡಿ-ರ‍್ಯಾಮ್ ಅದೇ. ಎಂಟು ಜಿಬಿಯ ಒಂದು ಸ್ಟಿಕ್‌ನಲ್ಲಿ ಇಂಥ ಕೊಡಗಳು ಸುಮಾರು 6,872 ಕೋಟಿ. ಒಂದೊಂದರಲ್ಲೂ ಹಿಡಿಯುವುದು ಕೆಲವು ಹತ್ತು ಸಾವಿರ ಎಲೆಕ್ಟ್ರಾನುಗಳು ಮಾತ್ರ. ತೊಂದರೆ ಏನೆಂದರೆ ಎಲ್ಲವೂ ತೂತು ಕೊಡಗಳು. ತುಂಬಿಟ್ಟದ್ದು ತಾನಾಗಿ ಸೋರುತ್ತಿರುತ್ತದೆ. ಅದಕ್ಕೇ 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಹದಿನೈದು ಸಲಕ್ಕೂ ಹೆಚ್ಚು, ಪ್ರತಿಯೊಂದನ್ನೂ ಓದಿ ಮತ್ತೆ ತುಂಬಬೇಕು. ನೀವು ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತಿದ್ದರೂ ಈ ನೀರು ಹೊರುವ ಕೆಲಸ ನಿಲ್ಲುವುದಿಲ್ಲ.

ಕೊಡಗಳು ಸಾಲುಸಾಲಾಗಿ ಜೋಡಿಸಿವೆ. ಒಂದು ಮಾಹಿತಿ ಬೇಕಾದಾಗ ಮೊದಲು ಇಡೀ ಸಾಲನ್ನು ತೆರೆಯಬೇಕು, ಆಮೇಲೆ ಅದರಲ್ಲಿ ಬೇಕಾದ ಕಂಬಸಾಲನ್ನು ಹೆಸರಿಸಿ ಕರೆಯಬೇಕು. ಕರೆದ ಮೇಲೆ ಮೊದಲ ಉತ್ತರ ಬರುವವರೆಗೆ ಎಷ್ಟು ಬಡಿತ ಕಾಯಬೇಕೆಂಬುದೇ ಡಬ್ಬಿಯ ಮೇಲಿನ ಸಿಎಲ್ ಎಂಬ ಸಂಖ್ಯೆ. ದರ್ಶಿನಿಯಲ್ಲಿ ಟೋಕನ್ ಕೊಟ್ಟ ಮೇಲೆ ಮೊದಲ ದೋಸೆ ಬರುವವರೆಗೆ ಕಾಯುವ ಹೊತ್ತು ಸಿಎಲ್. ಆಮೇಲೆ ದೋಸೆಗಳು ಒಂದರ ಹಿಂದೊಂದು ಕೌಂಟರಿಗೆ ಬೀಳುವ ಲಯ 3200. ಎರಡೂ ಬೇರೆ ಬೇರೆ. ಅಂಗಡಿಯಲ್ಲಿ ಎಲ್ಲರೂ ಲಯವನ್ನು ಕೇಳುತ್ತಾರೆ, ಕಾಯುವ ಹೊತ್ತನ್ನು ಕೇಳುವವರು ಕಡಿಮೆ.

ಇನ್ನು 3200 ಎಂದರೇನು? ಬಹಳ ಜನ ಅದನ್ನು ಮೆಗಾಹರ್ಟ್ಸ್ ಎನ್ನುತ್ತಾರೆ, ಟಾಸ್ಕ್ ಮ್ಯಾನೇಜರ್ ಕೂಡ ಬಹುಕಾಲ ಹಾಗೇ ತೋರಿಸುತ್ತಿತ್ತು. ನಿಜವಾದ ಗಡಿಯಾರದ ಬಡಿತ ಅದರ ಅರ್ಧ, 1600 ಮೆಗಾಹರ್ಟ್ಸ್. ಹೋಗುತ್ತಲೂ ಬರುತ್ತಲೂ ಕೊಯ್ಯುವ ಬಸವಣ್ಣನವರ ವಚನದ ಗರಗಸ ನೆನಪಿದೆಯಲ್ಲ, ಅದರ ಹಾಗೆ ಡಿಡಿಆರ್ ಮೆಮೊರಿ ಬಡಿತ ಏರುವಾಗಲೂ ಒಂದು ಬಿಟ್ ದಾಟಿಸುತ್ತದೆ, ಇಳಿಯುವಾಗಲೂ ಒಂದು ದಾಟಿಸುತ್ತದೆ. ಹಾಗಾಗಿ ಪ್ರತಿ ತಂತಿಯಲ್ಲಿ ಸೆಕೆಂಡಿಗೆ 320 ಕೋಟಿ ಸಾಗಣೆ. ಒಂದು ಸ್ಟಿಕ್‌ನಲ್ಲಿ 64 ದತ್ತಾಂಶ ತಂತಿಗಳು, ಅಂದರೆ ಒಂದು ಸಲಕ್ಕೆ 8 ಬೈಟು. ಲೆಕ್ಕ ಸೆಕೆಂಡಿಗೆ 25.6 ಗಿಗಾಬೈಟಿಗೆ ಬರುತ್ತದೆ. ಕೆಲವು ಸ್ಟಿಕ್‌ಗಳ ಮೇಲೆ 25600 ಎಂದು ಕಾಣುವುದು ಇದೇ. ಅದು 3200ಕ್ಕಿಂತ ಎಂಟು ಪಟ್ಟು ಚುರುಕಾದ ಬೇರೆ ಸರಕೇನಲ್ಲ.

ಗಡಿಯಾರದ ಒಂದು ಬಡಿತ 0.625 ನ್ಯಾನೊಸೆಕೆಂಡು. ಸಿಎಲ್16 ಎಂದರೆ ಹದಿನಾರು ಬಡಿತ, ಸರಿಯಾಗಿ 10 ನ್ಯಾನೊಸೆಕೆಂಡು. ಅದೇ 3200ರ ಸಿಎಲ್22 ಸ್ಟಿಕ್ ಆದರೆ 13.75. ಡಿಡಿಆರ್5ರ 6000 ಸಿಎಲ್30 ಲೆಕ್ಕ ಹಾಕಿ ನೋಡಿ, ಮತ್ತೆ 10 ನ್ಯಾನೊಸೆಕೆಂಡೇ. ಲಯ ಇಮ್ಮಡಿ ಹತ್ತಿರ ಬಂದರೂ ಮೊದಲ ದೋಸೆಗೆ ಕಾಯುವ ಹೊತ್ತು ಅಷ್ಟೇ ಉಳಿಯಿತು. ಕೊಡದ ಬಾಗಿಲು ತೆರೆದು ಆ ಕ್ಷೀಣ ವಿದ್ಯುದಂಶವನ್ನು ಗುರುತಿಸಲು ಬೇಕಾದ ಹೊತ್ತನ್ನು ಇಷ್ಟು ವರ್ಷದಲ್ಲಿ ಯಾರೂ ಅಷ್ಟಾಗಿ ಇಳಿಸಲಾಗಿಲ್ಲ. ನನಗೆ ಈ ವಿದ್ಯೆಯಲ್ಲಿ ಅತ್ಯಂತ ವಿಸ್ಮಯದ ಸಂಗತಿ ಇದು.

ಈಗ ಮೋಸದ ಪ್ರಶ್ನೆಗೆ ಬರೋಣ. ಪ್ರತಿ ಸ್ಟಿಕ್‌ನ ಹಸಿರು ಅಥವಾ ಕಪ್ಪು ಹಲಗೆಯ ಮೇಲೆ, ದೊಡ್ಡ ಮೆಮೊರಿ ಚಿಪ್ಪುಗಳ ನಡುವೆ, ಅಕ್ಕಿಕಾಳಿನಷ್ಟು ದೊಡ್ಡ ಇನ್ನೊಂದು ಚಿಪ್ಪು ಇರುತ್ತದೆ. ಎಸ್‌ಪಿಡಿ ಎಂದು ಅದರ ಹೆಸರು. ಡಿಡಿಆರ್4ರಲ್ಲಿ ಅದು ಹಿಡಿಯುವುದು 512 ಬೈಟು, ಡಿಡಿಆರ್5ರಲ್ಲಿ 1024. ಅದು ಸ್ಟಿಕ್‌ನ ಜಾತಕ. ಸ್ವಿಚ್ ಒತ್ತಿದ ತಕ್ಷಣ ಮದರ್‌ಬೋರ್ಡನ್ನು ಎಬ್ಬಿಸುವ ಬಯಾಸ್ ಎಂಬ ತಂತ್ರಾಂಶ ಮೊದಲು ಈ ಜಾತಕ ಓದುತ್ತದೆ: ನಿನ್ನ ಸಾಮರ್ಥ್ಯ ಎಷ್ಟು, ಯಾವ ವೇಗದಲ್ಲಿ ಎಷ್ಟು ಕಾಯಿಸುತ್ತೀಯ, ಎಷ್ಟು ವೋಲ್ಟ್ ಬೇಕು. ಆಮೇಲೆ ಪ್ರೊಸೆಸರಿನ ಜಾತಕದೊಂದಿಗೆ ಕೂಡಿಸಿ ನೋಡುತ್ತದೆ. ಮೆಮೊರಿಯನ್ನು ಆಳುವ ನಿಯಂತ್ರಕ ಹಿಂದೆ ಮದರ್‌ಬೋರ್ಡಿನ ಮೇಲೆ ಪ್ರತ್ಯೇಕ ಚಿಪ್ಪಿನಲ್ಲಿತ್ತು. ಎಎಂಡಿ 2003ರಲ್ಲಿ, ಇಂಟೆಲ್ 2008ರಲ್ಲಿ ಅದನ್ನು ಪ್ರೊಸೆಸರಿನ ಒಳಗೇ ಸೇರಿಸಿದವು. ಹಾಗಾಗಿ ಸ್ಟಿಕ್, ಪ್ರೊಸೆಸರ್, ಮದರ್‌ಬೋರ್ಡ್ ಈ ಮೂವರೂ ತಲೆಯಾಡಿಸಿದ ವೇಗದಲ್ಲಿ ಮಾತ್ರ ಯಂತ್ರ ಓಡುತ್ತದೆ. ಒಬ್ಬರು ಒಲ್ಲೆ ಎಂದರೂ ಉಳಿದಿಬ್ಬರು ಅವರ ಮಟ್ಟಕ್ಕೆ ಇಳಿಯಬೇಕು.

ಹುಡುಗ ಕೊಂಡದ್ದು ಇಂಟೆಲ್‌ನ ಐ5-10400 ಪ್ರೊಸೆಸರ್ ಮತ್ತು ಎಚ್410 ಚಿಪ್‌ಸೆಟ್ಟಿನ ಬೋರ್ಡು. ಆ ತಲೆಮಾರಿನಲ್ಲಿ ಐ5ಗಳಿಗೆ ಇಂಟೆಲ್ ಹಾಕಿದ್ದ ಮಿತಿ 2666. ಐ7 ಆಗಿದ್ದರೆ 2933. ಎಚ್410 ಬೋರ್ಡು ಆ ಗೆರೆ ದಾಟಲು ಬಿಡುವುದೇ ಇಲ್ಲ. ಇಂಟೆಲ್‌ನ ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಈ ಬಾಗಿಲು ತೆರೆದದ್ದು ಮುಂದೆ 2021ರಲ್ಲೇ ಬಂದ ಬಿ560ರಿಂದ. ಅಂದರೆ ಆ ದಿನ ನಮ್ಮ ಕೈಯಲ್ಲಿ ಡಬ್ಬಿ ಇರುವಾಗ ಕೇಳಬೇಕಿದ್ದ ಪ್ರಶ್ನೆ "ಇದು ಎಷ್ಟು ಬಸ್?" ಎಂದಲ್ಲ, "ಈ ಪ್ರೊಸೆಸರ್, ಈ ಬೋರ್ಡು ಎಷ್ಟಕ್ಕೆ ಒಪ್ಪುತ್ತವೆ?" ಎಂದು. ಪ್ರೊಸೆಸರ್, ಬೋರ್ಡು ಎರಡರ ತಯಾರಕರ ತಾಂತ್ರಿಕ ವಿವರದ ಪುಟದಲ್ಲೂ ಈ ಸಂಖ್ಯೆ ಸ್ಪಷ್ಟವಾಗಿ ಇರುತ್ತದೆ. ಎರಡು ನಿಮಿಷದ ಓದು. ನಾನು ಜೊತೆಗಿದ್ದೂ ಓದಿಸಲಿಲ್ಲವಲ್ಲ ಎಂದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ.

ಒಳಗೆ ಇನ್ನೊಂದು ಗುಟ್ಟೂ ಇತ್ತು. ಜಾತಕ ಓದುವ ಒಂದು ಉಚಿತ ತಂತ್ರಾಂಶ ಹಾಕಿ ನೋಡಿದಾಗ ಆ ಸ್ಟಿಕ್‌ನ ಮೂಲ ಪಟ್ಟಿ 2666ಕ್ಕೇ ನಿಂತಿತ್ತು. 3200 ಇದ್ದದ್ದು ಪಕ್ಕದ ಬೇರೊಂದು ಕಲಮಿನಲ್ಲಿ, ಎಕ್ಸ್‌ಎಂಪಿ ಎಂಬ ತಲೆಬರಹದ ಕೆಳಗೆ. ಮೆಮೊರಿ ಚಿಪ್ಪುಗಳಿಗೆ ಎಲ್ಲ ತಯಾರಕರೂ ಒಪ್ಪಿದ ಒಂದು ಶಿಷ್ಟ ಅಳತೆ ಇದೆ, ಅದನ್ನು ಬರೆಯುವ ಸಂಸ್ಥೆ ಜೆಡೆಕ್. ಡಿಡಿಆರ್4ಕ್ಕೆ ಜೆಡೆಕ್ ಹೇಳುವ ವೋಲ್ಟೇಜ್ 1.2. ಆ ವೋಲ್ಟೇಜಿನಲ್ಲಿ, ಜೆಡೆಕ್ ಬರೆದ ವೇಗದಲ್ಲಿ ಸ್ಟಿಕ್ ಯಾರ ಅಪ್ಪಣೆಯೂ ಇಲ್ಲದೆ ಓಡಬೇಕು. ಆದರೆ ಒಂದೇ ಸಿಲಿಕಾನ್ ಬಿಲ್ಲೆಯಿಂದ ಕೊಯ್ದ ಚಿಪ್ಪುಗಳೆಲ್ಲ ಒಂದೇ ಸಮ ಇರುವುದಿಲ್ಲ. ಕೆಲವು ಸ್ವಲ್ಪ ಹೆಚ್ಚು ವೋಲ್ಟೇಜು ಕೊಟ್ಟರೆ ಇನ್ನೂ ಚುರುಕಾಗಿ ನಡೆಯುತ್ತವೆ. ತಯಾರಕರು ಅವನ್ನು ಆರಿಸಿ, 1.35 ವೋಲ್ಟಿನಲ್ಲಿ ಪರೀಕ್ಷಿಸಿ, ಆ ವೇಗವನ್ನು ಜಾತಕದಲ್ಲಿ ಹೆಚ್ಚುವರಿ ಕಲಮಾಗಿ ಬರೆದು, ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚು ಹಾಕುತ್ತಾರೆ. ಇಂಟೆಲ್ 2007ರಲ್ಲಿ ತಂದ ಎಕ್ಸ್‌ಎಂಪಿ, ಎಎಂಡಿ 2022ರಲ್ಲಿ ತಂದ ಎಕ್ಸ್‌ಪೋ ಈ ಕಲಮಿನ ಹೆಸರುಗಳು. ನೀವಾಗಿ ಬಯಾಸ್ ಒಳಗೆ ಹೋಗಿ ಆನ್ ಮಾಡುವ ತನಕ ಬೋರ್ಡು ಅದನ್ನು ಮುಟ್ಟುವುದಿಲ್ಲ.

ಆದ್ದರಿಂದ ಮಾರುಕಟ್ಟೆಯಲ್ಲಿ 3200 ಎಂಬ ಒಂದೇ ಸಂಖ್ಯೆ ಹೊತ್ತ ಎರಡು ಜಾತಿಯ ಸ್ಟಿಕ್‌ಗಳಿವೆ. ಒಂದು 1.2 ವೋಲ್ಟಿನದು, ಸಿಎಲ್22, ಒಪ್ಪುವ ಬೋರ್ಡಿನಲ್ಲಿ ಹಾಕಿದ ಕೂಡಲೇ 3200 ಓಡುವಂಥದು. ಇನ್ನೊಂದು 1.35 ವೋಲ್ಟಿನದು, ಸಿಎಲ್16, ಬಯಾಸ್‌ನಲ್ಲಿ ಎಬ್ಬಿಸದಿದ್ದರೆ 2133ಕ್ಕೋ 2400ಕ್ಕೋ 2666ಕ್ಕೋ ಮಲಗಿರುವಂಥದು. ಗುರುತಿಸುವುದು ಕಷ್ಟವಲ್ಲ. ಮೊದಲ ಜಾತಿಯ ಬಿಳಿ ಚೀಟಿಯ ಮೇಲೆ ಸಾಮಾನ್ಯವಾಗಿ 1ಆರ್‌ಎಕ್ಸ್8, ಪಿಸಿ4-3200ಎಎ ಎಂಬಂಥ ಸಾಲು ಇರುತ್ತದೆ. ಕೊನೆಯ ಎಎ ಎಂದರೆ 3200ರಲ್ಲಿ 22-22-22 ಎಂಬ ಜೆಡೆಕ್ ಅಳತೆ. 2666ವಿ ಎಂದಿದ್ದರೆ 19, 2400ಟಿ ಎಂದಿದ್ದರೆ 17. ಎರಡನೆಯ ಜಾತಿಯ ಚೀಟಿಯಲ್ಲಿ 1.35ವಿ ಎಂದು ಕಾಣುತ್ತದೆ. ಚಿಕ್ಕ ಅಕ್ಷರ, ಕನ್ನಡಕ ಏರಿಸಿ ಓದಿ.

ಲ್ಯಾಪ್‌ಟಾಪಿಗೆ ಕೊಳ್ಳುವವರು ಮೊದಲ ಜಾತಿಯದನ್ನೇ ಕೊಳ್ಳಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬಹುಪಾಲು ಲ್ಯಾಪ್‌ಟಾಪುಗಳ ಬಯಾಸ್‌ನಲ್ಲಿ ಎಕ್ಸ್‌ಎಂಪಿಯ ಗುಂಡಿಯೇ ಇರುವುದಿಲ್ಲ. ಎಬ್ಬಿಸಲಾಗದವನಿಗೆ ಹೆಚ್ಚು ಕೂಲಿ ಯಾಕೆ ಕೊಡಬೇಕು? ಮತ್ತೆ, ಒಂದೇ 16 ಜಿಬಿ ಸ್ಟಿಕ್‌ಗಿಂತ 8ರ ಜೋಡಿ ಮೇಲು. ಎರಡು ಸ್ಟಿಕ್ ಎರಡು ಬೇರೆ ಹಾದಿಯಲ್ಲಿ ಕೂತರೆ 25.6 ಗಿಗಾಬೈಟಿನ ಹರಿವು 51.2 ಆಗುತ್ತದೆ. 2666ರಿಂದ 3200ಕ್ಕೆ ಏರಿದರೆ ಸಿಗುವುದು ಐದರಲ್ಲಿ ಒಂದು ಪಾಲು, ಒಂಟಿಯಿಂದ ಜೋಡಿಗೆ ಬಂದರೆ ಇಮ್ಮಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಚಿತ್ರ ಬರೆಯುವ ಭಾಗವೂ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ ಅಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಬರವಣಿಗೆ, ಬ್ಯಾಂಕಿನ ಲೆಕ್ಕ, ಇಮೇಲ್ ಮಾಡುವವರಿಗೆ ಯಾವುದೂ ಕಾಣುವುದಿಲ್ಲ, ಆ ದುಡ್ಡು ಉಳಿಸಿಕೊಳ್ಳಬಹುದು.

2022ರ ಚಳಿಗಾಲದಲ್ಲಿ ಹುಡುಗ ಬೋರ್ಡು, ಪ್ರೊಸೆಸರ್ ಬದಲಿಸಿದ. ಎಎಂಡಿಯ ರೈಜೆನ್ 5 5600, ಜೊತೆಗೆ ಬಿ550 ಬೋರ್ಡು. ಸ್ಟಿಕ್‌ಗಳು ಹಳೆಯವೇ. ಈ ಸಲ ಮೊದಲೇ ಓದಿಕೊಂಡಿದ್ದ: ಎರಡು ಸ್ಟಿಕ್ ಇದ್ದರೆ 3200 ಎಂದು ಎಎಂಡಿಯ ಮಾತು. ಬೋರ್ಡು ತಯಾರಕರು ಪರೀಕ್ಷಿಸಿ ಪ್ರಕಟಿಸಿದ ಸ್ಟಿಕ್‌ಗಳ ಪಟ್ಟಿಯಲ್ಲೂ ತನ್ನದು ಇದೆಯೇ ಎಂದು ನೋಡಿಕೊಂಡಿದ್ದ. ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸೀಳಿಗೆ ಸ್ಟಿಕ್ ಹಾಕಿ, ಡಿಲೀಟ್ ಕೀಲಿ ಒತ್ತಿ ಬಯಾಸ್ ಹೊಕ್ಕು, ಎಕ್ಸ್‌ಎಂಪಿ ಆನ್ ಮಾಡಿದ. 3200 ಬಂತು.

ಎರಡನೆಯದು, ನಾಲ್ಕನೆಯದು ಎಂಬ ನಿಯಮದ ಕಾರಣ ಕಣ್ಣಿಗೆ ಕಾಣುವಂತೆ ಬೋರ್ಡಿನ ಮೇಲೇ ಇದೆ. ಟಾರ್ಚ್ ಹಿಡಿದು ಪ್ರೊಸೆಸರ್ ಮತ್ತು ಸೀಳುಗಳ ನಡುವಿನ ಜಾಗ ನೋಡಿ. ತಾಮ್ರದ ಸಣ್ಣ ಗೆರೆಗಳು ನೇರ ಹೋಗದೆ ಹಾವಿನಂತೆ ಬಳುಕಿರುತ್ತವೆ. ಹತ್ತಿರದ ತಂತಿಯನ್ನು ಬೇಕೆಂದೇ ಸುತ್ತಿಸಿ ದೂರದ ತಂತಿಯಷ್ಟೇ ಉದ್ದ ಮಾಡಿದ್ದಾರೆ. 3200ರಲ್ಲಿ ಒಂದು ಬಿಟ್‌ಗೆ ಸಿಗುವ ಹೊತ್ತು ಒಂದು ನ್ಯಾನೊಸೆಕೆಂಡಿನ ಮೂರರಲ್ಲಿ ಒಂದು ಪಾಲಿಗೂ ಕಡಿಮೆ. ಅಷ್ಟರಲ್ಲಿ ಬೆಳಕು ಶೂನ್ಯದಲ್ಲಿ 9.4 ಸೆಂಟಿಮೀಟರ್ ಹೋಗುತ್ತದೆ, ಬೋರ್ಡಿನ ತಾಮ್ರದಲ್ಲಿ ಸಂಕೇತ ಅದರ ಅರ್ಧದಷ್ಟು. ಅಂದರೆ ಒಂದು ಬಿಟ್‌ನ ಉದ್ದ ಸುಮಾರು ನಾಲ್ಕೂವರೆ ಸೆಂಟಿಮೀಟರ್, ನಿಮ್ಮ ಕಿರುಬೆರಳಿಗಿಂತ ಗಿಡ್ಡ. ತಂತಿಯಲ್ಲಿ ಒಂದು ಬಿಟ್ ಸ್ಟಿಕ್ ಮುಟ್ಟುವ ಮೊದಲೇ ಅದರ ಬೆನ್ನಿಗೆ ಇನ್ನೊಂದು ಹೊರಟಿರುತ್ತದೆ. ಇಂಥ ಕಡೆ ತಂತಿಯ ತುದಿ ಖಾಲಿ ಸೀಳಿನಲ್ಲಿ ಕೊನೆಯಾದರೆ ಬಾವಿಯಲ್ಲಿ ಕೂಗಿದಂತೆ ಪ್ರತಿಧ್ವನಿ ಹಿಂದಿರುಗಿ ಮುಂದಿನ ಬಿಟ್‌ನ ಮೇಲೆ ಬೀಳುತ್ತದೆ. ಹೆಚ್ಚಿನ ಬೋರ್ಡುಗಳಲ್ಲಿ ತುದಿಯ ಸೀಳು ತುಂಬಿಸುವುದು ಇದಕ್ಕೇ.

ನಾಲ್ಕೂ ಸೀಳು ತುಂಬಿದರೆ? ಒಂದೇ ತಂತಿಗೆ ಇಬ್ಬಿಬ್ಬರು ಜೋತುಬೀಳುತ್ತಾರೆ, ಹೊರೆ ಹೆಚ್ಚುತ್ತದೆ, ಪ್ರತಿಧ್ವನಿಯೂ ಹೆಚ್ಚುತ್ತದೆ. ಎಎಂಡಿಯ ಅದೇ ಪಟ್ಟಿಯ ಕೆಳಗಿನ ಸಾಲುಗಳಲ್ಲಿ ಇದೂ ಇದೆ: ಒಂಟಿ ಸಾಲಿನ ಚಿಪ್ಪುಗಳಿರುವ ನಾಲ್ಕು ಸ್ಟಿಕ್ ಹಾಕಿದರೆ 2933, ಜೋಡಿ ಸಾಲಿನವು ನಾಲ್ಕು ಹಾಕಿದರೆ 2667. ಡಿಡಿಆರ್5ರಲ್ಲಿ ಇಳಿತ ಇನ್ನೂ ಕಡಿದು. ರೈಜೆನ್ 7000 ಸರಣಿಗೆ ಎರಡು ಸ್ಟಿಕ್ಕಾದರೆ 5200, ನಾಲ್ಕಾದರೆ 3600. ಮುಂದೆ ಬೇಕಾದಾಗ ಇನ್ನೆರಡು ಸೇರಿಸೋಣ ಎಂಬ ನಮ್ಮ ಮಧ್ಯಮವರ್ಗದ ಲೆಕ್ಕಾಚಾರ ಡಿಡಿಆರ್5ರಲ್ಲಿ ಕೈಕೊಡುತ್ತದೆ. ಅಲ್ಲಿ ಬೇಕಾದಷ್ಟನ್ನು ಮೊದಲೇ ಎರಡು ಸ್ಟಿಕ್‌ನಲ್ಲಿ ಕೊಳ್ಳುವುದೇ ಜಾಣತನ.

ಹುಡುಗನದು ಡಿಡಿಆರ್4. 2024ರ ಜನವರಿಯಲ್ಲಿ ಕಾಲೇಜಿನ ಕೊನೆಯ ವರ್ಷದ ಕೆಲಸಕ್ಕೆ 32 ಜಿಬಿ ಬೇಕಾಗಿ ಅದೇ ಮಾದರಿಯ ಇನ್ನೆರಡು ಸ್ಟಿಕ್ ತಂದ. ಒಂಟಿ ಸಾಲಿನ ಈ ಸ್ಟಿಕ್‌ಗಳಿಗೆ ಪಟ್ಟಿ 2933 ಎಂದರೂ ಎಕ್ಸ್‌ಎಂಪಿಯನ್ನು 3200ಕ್ಕೇ ಬಿಟ್ಟ. ಓಡಿತು. ಹೊರಗೆ ಆರೇಳು ಡಿಗ್ರಿ ಚಳಿ. ಫೆಬ್ರವರಿ, ಮಾರ್ಚ್ ಒಂದು ದೂರೂ ಇಲ್ಲ.

ಇಲ್ಲಿ ನಮ್ಮೂರಿನ ಇನ್ನೊಂದು ಮೆಮೊರಿಯ ಮಾತು ಹೇಳಬೇಕು. ಫರೀದಾಬಾದ್–ಗುರುಗ್ರಾಮ ರಸ್ತೆಯ ಪಕ್ಕ ಪ್ರಾದೇಶಿಕ ಜೈವಿಕ ತಂತ್ರಜ್ಞಾನ ಕೇಂದ್ರದಲ್ಲಿ 2022ರ ನವೆಂಬರಿನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಆರಂಭವಾಯಿತು. ಸುಮಾರು 4 ಪೆಟಾಬೈಟಿನ ಸಂಗ್ರಹ, 'ಬ್ರಹ್ಮ್' ಎಂಬ ಹೆಸರಿನ ದೊಡ್ಡ ಗಣಕ ವ್ಯವಸ್ಥೆ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ ಸುಮಾರು 10,000 ಜನರ ಜೀನೋಮುಗಳು ಬಂದು ಸೇರಿರುವುದು ಇಲ್ಲಿಗೇ. ಒಬ್ಬ ಮನುಷ್ಯನ ಜೀನೋಮ್ ಎಂದರೆ ಸುಮಾರು 300 ಕೋಟಿ ಅಕ್ಷರ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಕಂಡುಬರುವ ಕುಡಗೋಲು ಕಣ ರೋಗದ ಮೂಲ ಅದರಲ್ಲಿ ಒಂದೇ ಒಂದು ಅಕ್ಷರ ಪಲ್ಲಟ. ಇಂಥ ಪಠ್ಯವನ್ನು ರ‍್ಯಾಮಿಗೆ ತಂದು ಹೋಲಿಸುವಾಗ ಒಂದು ತೂತು ಕೊಡ ಹೊತ್ತಿಗೆ ಮುಂಚೆ ಬರಿದಾದರೆ, ಇಲ್ಲದ ಪಲ್ಲಟ ಇದ್ದಂತೆ ಕಂಡೀತು.

ಹಾಗಾಗಿಯೇ ಇಂಥ ಕೆಲಸದ ಸರ್ವರುಗಳಲ್ಲಿ ಸಾಮಾನ್ಯವಾಗಿ ಬಳಸುವುದು ಇಸಿಸಿ ಮೆಮೊರಿ. ಡಿಡಿಆರ್4ರಲ್ಲಿ 64 ತಂತಿಯ ಜೊತೆ ಇನ್ನೂ 8 ತಂತಿ ಸೇರಿಸಿ, ಪ್ರತಿ ಸಾಗಣೆಯ ಮೇಲೂ ಕಾವಲು ಇಟ್ಟಿರುತ್ತಾರೆ. ಒಂದು ಬಿಟ್ ತಪ್ಪಿದರೆ ಅಲ್ಲೇ ತಿದ್ದುತ್ತದೆ, ಎರಡು ತಪ್ಪಿದರೆ ಕೂಗಿ ಹೇಳುತ್ತದೆ. ಅತಿ ಎಚ್ಚರ ಎನ್ನಬೇಡಿ. ಗೂಗಲ್ ತನ್ನ ಸರ್ವರುಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ನೂರರಲ್ಲಿ ಎಂಟಕ್ಕೂ ಹೆಚ್ಚು ಸ್ಟಿಕ್‌ಗಳು ಒಂದಲ್ಲ ಒಂದು ತಪ್ಪು ಮಾಡಿದ್ದವು. ದತ್ತಾಂಶ ಕೇಂದ್ರಗಳಲ್ಲಿ ಎಕ್ಸ್‌ಎಂಪಿ ಆನ್ ಮಾಡುವವರನ್ನು ನೀವು ಕಾಣಲಾರಿರಿ. ಜೆಡೆಕ್ ಹೇಳಿದ ವೋಲ್ಟೇಜು, ಪ್ರೊಸೆಸರ್ ತಯಾರಕರು ಹೇಳಿದ ವೇಗ, ಅಷ್ಟೇ. ಮನೆಯ ಕಂಪ್ಯೂಟರುಗಳಿಗೂ ಪೂರ್ತಿ ಇಸಿಸಿ ಬರಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ನಮ್ಮ ಮಗುವಿನ ಫೋಟೊ, ನಮ್ಮ ತೆರಿಗೆಯ ಕಡತ ಯಾರ ಜೀನೋಮಿಗಿಂತ ಕಡಿಮೆ?

ಮೇ ಬಂತು. 2024ರ ಮೇ ಕೊನೆಯ ವಾರ ದೆಹಲಿಯ ಸುತ್ತಮುತ್ತ 45 ಡಿಗ್ರಿ ದಾಟಿದ ಲೂ ಗಾಳಿ ಇಲ್ಲಿದ್ದವರಿಗೆ ಮರೆಯುವಂಥದಲ್ಲ. ಹುಡುಗನ ಕೋಣೆಯಲ್ಲಿ ಕೂಲರ್ ಮಾತ್ರ. ಮಧ್ಯಾಹ್ನ ಮೂರರ ಹೊತ್ತಿಗೆ ಯಂತ್ರ ನೀಲಿ ಪರದೆ ತೋರಿಸಿ ಮತ್ತೆ ಶುರುವಾಗುತ್ತಿತ್ತು. ಎರಡು ಸಲ ಕುಗ್ಗಿಸಿಟ್ಟ ಕಡತ ಬಿಚ್ಚುವಾಗ ಒಳಗಿನದು ಹಾಳಾಗಿದೆ ಎಂದಿತು. ಮೂರನೆಯ ಸಲ ಅದೇ ಕಡತ ಸರಿಯಾಗಿ ಬಿಚ್ಚಿಕೊಂಡಿತು. ಈ ಕೊನೆಯ ಲಕ್ಷಣ ಕಂಡಾಗ ಡಿಸ್ಕನ್ನು ಬಿಟ್ಟು ನನ್ನ ಸಂಶಯ ರ‍್ಯಾಮಿನ ಕಡೆಗೆ ಹೊರಳಿತು.

ಬಿಸಿಯೇರಿದಷ್ಟೂ ಕೊಡದ ತೂತು ದೊಡ್ಡದಾಗುತ್ತದೆ. ಚಿಪ್ಪಿನ ತಾಪ 85 ಡಿಗ್ರಿ ದಾಟಿದರೆ 64 ಮಿಲಿಸೆಕೆಂಡಿನ ಬದಲು 32ಕ್ಕೊಮ್ಮೆ ತುಂಬಬೇಕೆಂದು ಶಿಷ್ಟ ಅಳತೆಯೇ ಹೇಳುತ್ತದೆ. ನಮ್ಮ ಸ್ಟಿಕ್‌ಗಳು ಅಷ್ಟು ಕಾದಿರಲಾರವು. ಆದರೆ ನಾಲ್ಕು ಸ್ಟಿಕ್ ಒತ್ತಾಗಿ ಕೂತಿದ್ದವು, 1.35 ವೋಲ್ಟ್ ಕುಡಿಯುತ್ತಿದ್ದವು, ಪಟ್ಟಿ ಒಪ್ಪದ ವೇಗದಲ್ಲಿ ಓಡುತ್ತಿದ್ದವು. ಸಂಕೇತ ಏರಿ ಇಳಿಯುವ ಹೊತ್ತಿನಲ್ಲಿ ಜನವರಿಯಲ್ಲಿ ಉಳಿದಿದ್ದ ಕೂದಲೆಳೆಯ ಎಡೆಯೂ ಆ ಸೆಕೆಯಲ್ಲಿ ಕರಗಿತ್ತು.

ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿದೆವು. 1994ರಲ್ಲಿ ಕ್ರಿಸ್ ಬ್ರೇಡಿ ಬರೆಯಲು ತೊಡಗಿದ ಇದು ವಿಂಡೋಸ್ ಏಳುವ ಮೊದಲೇ ಎದ್ದು, ಪ್ರತಿ ಕೊಡಕ್ಕೂ ಬೇರೆ ಬೇರೆ ವಿನ್ಯಾಸದಲ್ಲಿ ತುಂಬಿ, ತಿರುಗಿ ಓದಿ, ತಾಳೆ ನೋಡುತ್ತದೆ. ಮಧ್ಯಾಹ್ನ ಎರಡಕ್ಕೆ ಹಚ್ಚಿದೆವು. ನಲವತ್ತು ನಿಮಿಷಕ್ಕೆ ಕೆಂಪು ಸಾಲುಗಳು ಬೀಳತೊಡಗಿದವು.

ಬಯಾಸ್ ಹೊಕ್ಕು ವೇಗದ ಸಾಲಿಗೆ ಹೋಗಿ, 3200ನ್ನು 2933ಕ್ಕೆ ಇಳಿಸಿದ. ಎಎಂಡಿಯ ಪಟ್ಟಿಯಲ್ಲಿ ಮೊದಲಿನಿಂದಲೂ ಇದ್ದದ್ದು ಅದೇ ಸಂಖ್ಯೆ. ಉಳಿದ ಯಾವುದನ್ನೂ ಮುಟ್ಟಲಿಲ್ಲ. ಮರುದಿನ, ಅದೇ ಸೆಕೆಯಲ್ಲಿ, ಮತ್ತೆ ಮಧ್ಯಾಹ್ನ ಎರಡಕ್ಕೇ ಪರೀಕ್ಷೆ ಹಚ್ಚಿ ಬಾಗಿಲೆಳೆದುಕೊಂಡು ಬಂದೆವು. ನಾಲ್ಕು ಸುತ್ತು ಮುಗಿಯುವಾಗ ಕತ್ತಲಾಗಿತ್ತು. ಅವನ ಅಜ್ಜಿ ಮಜ್ಜಿಗೆಯ ಲೋಟ ಹಿಡಿದು ಬಂದು ಪರದೆ ನೋಡಿ, ಇದೇನು ಎಂದು ಕೇಳಿದರು. ತಪ್ಪುಗಳು ಎಂಬಲ್ಲಿ ಸೊನ್ನೆ ಇತ್ತು.